ಒಂದು ಲಕ್ಷ ಕ್ಯೂಸೆಕ್ ಅಂದ್ರೆ ನಮ್ಮ ಅಂಗಳಕ್ಕೆ ಎಷ್ಟು ನೀರು?

ಮಳೆಗಾಲ ಬಂತೆಂದರೆ ಚಿಕ್ಕೋಡಿ ಕಡೆಯ ಗೆಳೆಯರ ಮೊಬೈಲಿನಲ್ಲಿ ಒಂದೇ ಥರದ ಸುದ್ದಿ. ರಾಜಾಪುರ ಬ್ಯಾರೇಜಿನಿಂದ ಇಷ್ಟು ಕ್ಯೂಸೆಕ್, ದೂಧಗಂಗಾದಿಂದ ಇಷ್ಟು ಕ್ಯೂಸೆಕ್, ಕಲ್ಲೋಳ ಹತ್ತಿರ ಒಟ್ಟು ಇಷ್ಟು ಕ್ಯೂಸೆಕ್. ಕೃಷ್ಣಾ ಹೊಳೆಯ ಕಲ್ಲೋಳ–ಯಡೂರು ಸೇತುವೆ ತಗ್ಗಿನದು, ನೀರು ಏರಿದಾಗ ಬೇಗ ಮುಳುಗುವ ಸೇತುವೆಗಳಲ್ಲಿ ಅದೂ ಒಂದು. 2019ರ ಆಗಸ್ಟ್ ಮತ್ತು 2021ರ ಜುಲೈ ನೆರೆಯನ್ನು ಈ ದಂಡೆಯ ಊರುಗಳು ಇನ್ನೂ ಮರೆತಿಲ್ಲ. ಅಂಥ ಕಡೆ ಕೂತ ಅಜ್ಜಿಗೆ ‘ಒಂದು ಲಕ್ಷ ಕ್ಯೂಸೆಕ್’ ಅಂದರೆ ಏನು ತಿಳಿಯಬೇಕು?

ಲೆಕ್ಕ ನಮಗೆ ಗೊತ್ತು. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28.3 ಲೀಟರ್. ಒಂದು ಲಕ್ಷ ಕ್ಯೂಸೆಕ್ ಅಂದರೆ ಪ್ರತಿ ಸೆಕೆಂಡಿಗೆ 28 ಲಕ್ಷ ಲೀಟರಿಗೂ ಹೆಚ್ಚು. ಹತ್ತು ಸಾವಿರ ಲೀಟರಿನ ನೀರಿನ ಟ್ಯಾಂಕರ್ ನೋಡಿದ್ದೀರಲ್ಲ, ಅಂಥವು 283 ಟ್ಯಾಂಕರ್ ಒಂದೇ ಸೆಕೆಂಡಿನಲ್ಲಿ ಖಾಲಿಯಾದ ಹಾಗೆ. ಟಿಎಂಸಿ ಬೇರೆ, ಅದು ಸಂಗ್ರಹದ ಅಳತೆ, ನೂರು ಕೋಟಿ ಘನ ಅಡಿ. ಒಂದು ಲಕ್ಷ ಕ್ಯೂಸೆಕ್ ಇಡೀ ದಿನ ಹರಿದರೆ 8.64 ಟಿಎಂಸಿ ಆಗುತ್ತದೆ. ನಲ್ಲಿಯಿಂದ ಎಷ್ಟು ಜೋರಾಗಿ ನೀರು ಬರುತ್ತಿದೆ ಅನ್ನೋದು ಕ್ಯೂಸೆಕ್, ತೊಟ್ಟಿಯಲ್ಲಿ ಎಷ್ಟು ನಿಂತಿದೆ ಅನ್ನೋದು ಟಿಎಂಸಿ.

ಇಷ್ಟು ಬಿಡಿಸಿ ಹೇಳಿದರೂ ಅಜ್ಜಿಯ ಪ್ರಶ್ನೆ ಹಾಗೇ ಉಳಿಯಿತು. ಆಕೆಗೆ ಬೇಕಾದದ್ದು ಹರಿವಿನ ಪ್ರಮಾಣವಲ್ಲ. ನೀರು ನಮ್ಮ ಓಣಿಗೆ ಬರತೈತೋ ಇಲ್ಲೋ, ಬಂದರೆ ಎಷ್ಟೊತ್ತಿಗೆ, ನಾವು ಎಲ್ಲಿಗೆ ಹೋಗಬೇಕು? ಕ್ಯೂಸೆಕ್ಕನ್ನು ತೆಗೆದು ‘ಘನ ಅಡಿ ಪ್ರತಿ ಸೆಕೆಂಡಿಗೆ’ ಎಂದು ಕನ್ನಡ ಮಾಡಿದರೂ ಈ ಉತ್ತರ ಸಿಗುವುದಿಲ್ಲ. ಸರಳ ಭಾಷೆ ಅಂದರೆ ಇಂಗ್ಲಿಷ್ ಪದ ತೆಗೆದು ಸಂಸ್ಕೃತ ಪದ ಹಾಕುವುದು ಅಂತ ಅನೇಕರು ತಿಳಿದಿದ್ದಾರೆ. ಅದು ಹಾಗಲ್ಲ. ಓದಿದವರಿಗೆ ಮುಂದೆ ಏನು ಮಾಡಬೇಕು ಅನ್ನೋದು ತಿಳಿದರೆ ಮಾತ್ರ ಅದು ಸರಳ.

ಕಚೇರಿ ಕನ್ನಡದ ಶೈಲಿಯಲ್ಲಿ ನಾವೇ ಬರೆದ ಒಂದು ಮಾದರಿ ನೋಡಿ:

‘ಜಲಾನಯನ ಪ್ರದೇಶದಲ್ಲಿ ವ್ಯಾಪಕ ಮಳೆಯಾಗುತ್ತಿರುವ ಹಿನ್ನೆಲೆಯಲ್ಲಿ ಹೊರಹರಿವಿನ ಪ್ರಮಾಣ ಹೆಚ್ಚುವ ಸಂಭವವಿದ್ದು, ನದಿಪಾತ್ರದ ಗ್ರಾಮಸ್ಥರು ಜಾನುವಾರುಗಳೊಂದಿಗೆ ಸುರಕ್ಷಿತ ಸ್ಥಳಗಳಿಗೆ ತೆರಳಲು ಈ ಮೂಲಕ ಸೂಚಿಸಲಾಗಿದೆ.’

ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಯಾವಾಗ, ಯಾರು, ಎಲ್ಲಿಗೆ ಎಂಬ ಮೂರೂ ಕಾಣೆ. ಅದೇ ವಿಷಯವನ್ನು ಡಂಗುರ ಸಾರುವವರ ಬಾಯಲ್ಲಿ ಹೀಗೆ ಹೇಳಬಹುದು:

‘ಇವತ್ತು ರಾತ್ರಿ 9ರೊಳಗೆ ಹೊಳಿ ಏರತೈತಿ. ಹೊಳಿ ದಂಡಿ ಮನಿಯವರು ಸಂಜಿ 6ರೊಳಗೆ ಊರ ಸಾಲಿಗೆ ಬರ್ರಿ. ದನಕರ ಹೊಡಕೊಂಡು ಬರ್ರಿ. ಆಧಾರ್ ಕಾರ್ಡು, ಹೊಲದ ಉತಾರ, ದಿನಾ ತಗೊಳ್ಳೋ ಗುಳಿಗಿ ಸಂಗಟ ಇರಲಿ. ಸೇತುವಿ ಮ್ಯಾಲ ನೀರು ಬಂದಿದ್ರ ದಾಟಬ್ಯಾಡ್ರಿ.’

ಈ ಗಡಿಭಾಗದಲ್ಲಿ ಮನೆಯೊಳಗೆ ಮರಾಠಿ ಆಡುವವರೂ ಬಹಳ. ‘ನದಿಪಾತ್ರ’ ನಮ್ಮ ಆಡುಮಾತಿಗೆ ದೂರ. ‘ಹೊಳಿ ದಂಡಿ’ ಎಲ್ಲರಿಗೂ ತಿಳಿಯುತ್ತದೆ.

ನೀರು ಇಳಿದ ಮೇಲೆ ರೋಗದ ಸರದಿ. ‘ನಿರ್ಜಲೀಕರಣ ತಡೆಗಟ್ಟಲು ಓಆರ್‌ಎಸ್ ಸೇವಿಸಿ’ ಎಂದು ಬರೆದರೆ ಅರ್ಧ ಕೆಲಸ ಮಾತ್ರ ಆಯಿತು. ಒಂದು ಲೀಟರಿನ ಪ್ಯಾಕೆಟ್ಟನ್ನು ಒಂದು ಲೋಟ ನೀರಿಗೆ ಹಾಕಿದರೆ ಉಪ್ಪು ಅತಿಯಾಗಿ ಮಗುವಿಗೆ ಅಪಾಯ. ‘ವಾಂತಿ-ಭೇದಿಯಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಇಡೀ ಪ್ಯಾಕೆಟ್ ಹಾಕಿ ಕಲಸಿ, ಸ್ವಲ್ಪ ಸ್ವಲ್ಪವೇ ಕುಡಿಸಿ, 24 ತಾಸಿನ ಮೇಲೆ ಉಳಿದದ್ದು ಚೆಲ್ಲಿ’ ಅನ್ನಬೇಕು. ‘ಲೆಪ್ಟೊಸ್ಪೈರೋಸಿಸ್ ಬಗ್ಗೆ ಎಚ್ಚರ’ ಅನ್ನುವುದಕ್ಕಿಂತ ‘ಕಾಲಲ್ಲಿ ಗಾಯ ಇದ್ದರೆ ನಿಂತ ನೀರಲ್ಲಿ ಇಳಿಯಬೇಡಿ, ಇಲಿ ಉಚ್ಚೆಯಿಂದ ಜ್ವರ ಬರುತ್ತದೆ’ ಅಂದರೆ ಕಾಲು ತಾನೇ ಹಿಂದಕ್ಕೆ ಬರುತ್ತದೆ.

ಈ ತೊಂದರೆ ಕನ್ನಡಕ್ಕಷ್ಟೇ ಅಲ್ಲ. 1979ರಲ್ಲಿ ಕ್ರಿಸ್ಸಿ ಮಾಹರ್ ಎಂಬ ಮಹಿಳೆ ಲಂಡನ್ನಿನ ಪಾರ್ಲಿಮೆಂಟ್ ಚೌಕದಲ್ಲಿ ಅರ್ಥವಾಗದ ಸರ್ಕಾರಿ ಅರ್ಜಿಗಳನ್ನು ಎಲ್ಲರೆದುರು ಚೂರು ಚೂರು ಮಾಡಿ ಸರಳ ಇಂಗ್ಲಿಷಿನ ಚಳವಳಿ ಶುರು ಮಾಡಿದರು. ಸರ್ಕಾರಿ ಬರಹ ಸರಳವಾಗಿರಬೇಕು ಎಂದು ಅಮೆರಿಕ 2010ರಲ್ಲಿ ಕಾನೂನೇ ಮಾಡಿತು. 2023ರಲ್ಲಿ ಐಎಸ್ಒ ಸಂಸ್ಥೆ ಸರಳ ಭಾಷೆಗೂ ಒಂದು ಮಾನದಂಡ ತಂದಿತು, ಸಂಖ್ಯೆ 24495-1. ಬೋಲ್ಟಿಗೆ, ಕೇಬಲಿಗೆ ಇರುವಂತೆ ಸೂಚನೆಗೂ ಸ್ಟ್ಯಾಂಡರ್ಡ್! ಓದುಗರು ಬೇಕಾದ್ದನ್ನು ಹುಡುಕಬಲ್ಲರೇ, ತಿಳಿಯಬಲ್ಲರೇ, ಬಳಸಬಲ್ಲರೇ ಅನ್ನುವುದೇ ಅದರ ತಿರುಳು.

ಬಳಸುವುದು ಬೇರೆ, ಓದುವುದು ಬೇರೆ. ಅಮೆರಿಕದಲ್ಲಿ 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ‘ಎರಡು ಮಾತ್ರೆ, ದಿನಕ್ಕೆ ಎರಡು ಸಲ’ ಎಂಬ ಚೀಟಿಯನ್ನು ರೋಗಿಗಳಿಗೆ ತೋರಿಸಿದರು. ಓದು ಕಡಿಮೆ ಇದ್ದವರಲ್ಲಿ ಶೇ. 71ರಷ್ಟು ಜನ ಅದನ್ನು ಸರಿಯಾಗಿ ಹೇಳಿದರು. ಆದರೆ ದಿನಕ್ಕೆ ಒಟ್ಟು ಎಷ್ಟು ಮಾತ್ರೆ ಎಂದು ಎಣಿಸಿ ತೋರಿಸಿದವರು ಶೇ. 35 ಮಾತ್ರ. ‘ಬೆಳಿಗ್ಗೆ ಎರಡು, ರಾತ್ರಿ ಎರಡು’ ಎಂದು ಬರೆದರೆ ಗುಣಾಕಾರದ ಗೊಡವೆಯೇ ಇಲ್ಲ.

ಹಾಗಾಗಿ ಬರೆದವರೇ ‘ಸರಳವಾಗಿದೆ’ ಅಂದರೆ ಸಾಲದು. ಕೋಡ್ ಬರೆದು ಟೆಸ್ಟ್ ಮಾಡದೆ ಬಿಡ್ತೀವಾ? ಸೂಚನೆಗೂ ಟೆಸ್ಟ್ ಬೇಕು, ಖರ್ಚೇನಿಲ್ಲ. ಮನೆಯ ಹಿರಿಯರಿಗೋ, ಹಾಸ್ಟೆಲ್ ಮೆಸ್ಸಿನ ಅಕ್ಕನಿಗೋ ಒಮ್ಮೆ ಓದಿ ಹೇಳಿ. ‘ತಿಳೀತೇನ್ರಿ?’ ಅಂತ ಕೇಳಬೇಡಿ, ಮರ್ಯಾದೆಗೆ ಎಲ್ಲರೂ ‘ಹ್ಞೂಂ’ ಅಂತಾರೆ. ‘ಈಗ ನೀವು ಏನು ಮಾಡ್ತೀರಿ?’ ಅಂತ ಕೇಳಿ. ಉತ್ತರ ತಪ್ಪಿದರೆ ತಪ್ಪು ಅವರದಲ್ಲ, ಬರಹದ್ದು. ತಿದ್ದಿ, ಇನ್ನೊಬ್ಬರಿಗೆ ಓದಿ ಹೇಳಿ.

ನಾಳೆ ನಮ್ಮಲ್ಲೇ ಯಾರೋ ಅಣೆಕಟ್ಟಿನ ಗೇಟು ತೆರೆಯುವ ಎಂಜಿನಿಯರ್, ಯಾರೋ ಎಚ್ಚರಿಕೆಯ ಎಸ್ಸೆಮ್ಮೆಸ್ ಕಳಿಸುವ ಸಾಫ್ಟ್‌ವೇರಿನವರು. ಕ್ಯೂಸೆಕ್ ನಮ್ಮ ಲಾಗ್‌ಬುಕ್ಕಿನಲ್ಲಿ ಇರಲಿ. ಹೊರಗೆ ಹೋಗುವ ಸಾಲಿನಲ್ಲಿ ಊರು, ಹೊತ್ತು, ದಾರಿ ಇರಲಿ. ಈ ಮಳೆಗಾಲ ನಿಮ್ಮೂರಿನ ಯಾವುದಾದರೂ ಒಂದು ಸೂಚನಾ ಫಲಕ ಹಿಡಿದು ನಿಮ್ಮ ಮಾತಿನಲ್ಲಿ ತಿದ್ದಿ ನಮಗೆ ಕಳಿಸಿ. ಕಳಿಸುವ ಮುಂಚೆ ಮನೆಯಲ್ಲಿ ಒಬ್ಬರಿಗೆ ಓದಿ ಹೇಳಿರಬೇಕು, ಅಷ್ಟೇ ಷರತ್ತು.