ರಜೆಯೂ ಅಭಿರುಚಿಯೂ

ಗೃಹಸ್ಥರಿಗೆ ವರ್ಷಕ್ಕೆ ಒಂದೆರಡು ಸಲ ಮಾತ್ರ ದೊರೆಯತಕ್ಕ ರಜೆಯು ಅಲ್ಪವಾದ ಧನವಲ್ಲ. ಮಕ್ಕಳ ಶಾಲೆಗೆ ಬಿಡುವು, ಹಿರಿಯರ ಕಚೇರಿಗೆ ಬಿಡುವು, ಕೈಯಲ್ಲಿ ಸ್ವಲ್ಪ ಹಣ, ಮನೆಯಲ್ಲಿ ಎಲ್ಲರಿಗೂ ಆರೋಗ್ಯ—ಈ ನಾಲ್ಕೂ ಏಕಕಾಲದಲ್ಲಿ ಕೂಡಿಬರುವುದು ದುರ್ಲಭ. ಹೀಗೆ ಕಷ್ಟದಿಂದ ಕೂಡಿಬಂದ ಐದಾರು ದಿನಗಳನ್ನು ನಾವು ಹೇಗೆ ವ್ಯಯಮಾಡುತ್ತೇವೆಂದು ವಿಚಾರಿಸಿದರೆ ಸಂತೋಷಪಡುವಂತಿಲ್ಲ. ನೆರೆಮನೆಯವರು ಎಲ್ಲಿಗೆ ಹೋಗಿಬಂದರೋ ಅಲ್ಲಿಗೇ ನಾವೂ ಹೊರಡುವುದು. ಮೂರು ದಿನಕ್ಕೆ ಹತ್ತು ಊರುಗಳನ್ನು ತುರುಕುವುದು. ಒಂದೊಂದು ಕಡೆಯಲ್ಲಿಯೂ ಅರ್ಧ ಗಳಿಗೆ ನಿಂತು ಚಿತ್ರ ತೆಗೆದುಕೊಂಡು ಓಡುವುದು. ಮನೆಗೆ ಹಿಂದಿರುಗಿದ ಮೇಲೆ ಯಾವ ಗುಡಿ ಯಾವ ಊರಿನಲ್ಲಿತ್ತೆಂಬುದೇ ಮರೆತುಹೋಗುವುದು. ಹೋದದ್ದಕ್ಕೆ ಗುರುತಾಗಿ ಉಳಿಯತಕ್ಕದ್ದು ಆಯಾಸವೊಂದೇ.

ಈ ಲೇಖನದ ಅಭಿಪ್ರಾಯವು ಇಷ್ಟೇ: ಸ್ಥಳವನ್ನು ಮೊದಲು ಗೊತ್ತುಮಾಡಿ ಅಲ್ಲಿ ಮಾಡತಕ್ಕದ್ದೇನೆಂದು ಆಮೇಲೆ ಹುಡುಕುವುದಕ್ಕಿಂತ, ಮನೆಯವರ ಅಭಿರುಚಿಗಳನ್ನು ಮೊದಲು ತಿಳಿದು ಅವುಗಳಿಗೆ ಒಪ್ಪುವ ಸ್ಥಳವನ್ನು ಆಮೇಲೆ ಆರಿಸುವುದು ಲೇಸು. ‘ಮನೆಯವರ’ ಎಂಬ ಮಾತನ್ನು ಬುದ್ಧಿಪೂರ್ವಕವಾಗಿಯೇ ಹೇಳಿದ್ದೇನೆ. ಯಜಮಾನನ ಅಭಿರುಚಿಯೊಂದೇ ಮನೆಯ ಅಭಿರುಚಿಯೆನಿಸಲಾರದು. “ಆ ಕಲ್ಲುಗಳನ್ನು ನೀವು ನೋಡಿಕೊಂಡು ಬನ್ನಿ, ನಾನು ಇಲ್ಲೇ ನೆರಳಿನಲ್ಲಿ ಚೀಲ ಕಾದುಕೊಂಡು ಕೂತಿರುತ್ತೇನೆ” ಎಂದು ಗೃಹಿಣಿಯು ಹೇಳುವ ಮಾತನ್ನು ಎಷ್ಟೋ ಯಾತ್ರಾಸ್ಥಳಗಳಲ್ಲಿ ಕೇಳಬಹುದು. ಆ ಮಾತಿನಲ್ಲಿ ಕೋಪವಿಲ್ಲದಿರಬಹುದು. ಆದರೆ ವರ್ಷವೆಲ್ಲ ಅಡಿಗೆಮನೆಯಲ್ಲಿ ದುಡಿದವಳ ರಜೆಯು ಚೀಲ ಕಾಯುವುದರಲ್ಲಿ ಕಳೆದುಹೋಯಿತೆಂಬುದು ಮಾತ್ರ ಸತ್ಯ.

ಅಭಿರುಚಿಯೆಂದರೆ ಪಾಂಡಿತ್ಯವೆಂದು ಯಾರೂ ಭಾವಿಸಬೇಕಾಗಿಲ್ಲ. ಯಾರ ಬಲವಂತವೂ ಇಲ್ಲದ ಬಿಡುವಿನ ಮಧ್ಯಾಹ್ನದಲ್ಲಿ ಮನುಷ್ಯನು ಯಾವುದಕ್ಕೆ ತಾನಾಗಿಯೇ ಕೈಹಾಕುವನೋ ಅದೇ ಅವನ ಅಭಿರುಚಿ. ಒಬ್ಬರಿಗೆ ಹಳೆಯ ಪುಸ್ತಕ, ಒಬ್ಬರಿಗೆ ಸೂಜಿದಾರ, ಒಬ್ಬರಿಗೆ ನಾಟಕ, ಒಬ್ಬ ಹುಡುಗನಿಗೆ ಚಿತ್ರ ಬರೆಯುವ ಚಪಲ. ಇವುಗಳಲ್ಲಿ ಮೇಲು ಕೀಳುಗಳನ್ನು ಎಣಿಸುವುದು ಸಲ್ಲದು.

ಉದಾಹರಣವಿಲ್ಲದೆ ಉಪದೇಶಮಾಡುವುದು ಉಪಾಧ್ಯಾಯರ ಧರ್ಮವಲ್ಲವಾದುದರಿಂದ, ನಮ್ಮ ನಾಡಿನ ಒಂದು ಪ್ರದೇಶವನ್ನೇ ತೆಗೆದುಕೊಳ್ಳೋಣ. ಬಾಗಲಕೋಟೆ ಜಿಲ್ಲೆಯ ಬಾದಾಮಿಯು ಗದಗ–ಸೊಲ್ಲಾಪುರ ರೈಲುದಾರಿಯಲ್ಲಿರುವುದು. ನಿಲ್ದಾಣದಿಂದ ಊರಿಗೆ ಸುಮಾರು ೫ ಕಿಲೋಮೀಟರು. ಅಲ್ಲಿಂದ ಪಟ್ಟದಕಲ್ಲಿಗೆ ಸುಮಾರು ೨೨ ಕಿಲೋಮೀಟರು. ಪಟ್ಟದಕಲ್ಲಿನಿಂದ ಐಹೊಳೆಗೆ ಇನ್ನು ಹದಿಮೂರು ಹದಿನಾಲ್ಕು. ಬಾದಾಮಿಯಲ್ಲಿಯೇ ಬಿಡಾರಮಾಡಿದರೆ ಪ್ರತಿದಿನವೂ ಗಂಟುಮೂಟೆ ಕಟ್ಟುವ ಶ್ರಮವೂ ಖರ್ಚೂ ತಪ್ಪುವುವು. ಇಷ್ಟು ಚಿಕ್ಕ ವಲಯದಲ್ಲಿ ನಾಲ್ಕು ವಿಧದ ಅಭಿರುಚಿಗಳಿಗೆ ಅವಕಾಶವಿರುವುದೇ ಇದನ್ನು ಆರಿಸಿದುದಕ್ಕೆ ಕಾರಣ.

ಮೊದಲು ಶಾಸನಗಳಲ್ಲಿ ಆಸಕ್ತಿಯುಳ್ಳವರ ವಿಷಯ. ಬಾದಾಮಿಯ ಬಂಡೆಯಮೇಲೆ ಒಂದನೆಯ ಪುಲಕೇಶಿಯು ಕೋಟೆಯನ್ನು ಕಟ್ಟಿಸಿದುದನ್ನು ತಿಳಿಸುವ ಶಕ ೪೬೫ರ, ಎಂದರೆ ಕ್ರಿ. ಶ. ೫೪೩ರ ಶಾಸನವಿದೆ. ಗುಹೆಗಳಲ್ಲಿ ದೊಡ್ಡದಾದ ಮೂರನೆಯದರಲ್ಲಿ ಮಂಗಲೇಶನ ಕಾಲದ ಶಕ ೫೦೦ರ (ಕ್ರಿ. ಶ. ೫೭೮) ಶಾಸನವು, ಆ ವಿಷ್ಣುಗೃಹವು ಎಂದಿನದೆಂಬುದನ್ನು ನಿಸ್ಸಂದೇಹವಾಗಿ ತಿಳಿಸುತ್ತದೆ. ಐಹೊಳೆಯ ಮೇಗುಟಿ ಜಿನಾಲಯದ ಪೂರ್ವದ ಗೋಡೆಯಲ್ಲಿ ರವಿಕೀರ್ತಿಯು ಬರೆದ ಸಂಸ್ಕೃತ ಪ್ರಶಸ್ತಿಯಿದೆ. ಶಕ ೫೫೬ರ (ಕ್ರಿ. ಶ. ೬೩೪–೩೫) ಈ ಪ್ರಶಸ್ತಿಯು ಇಮ್ಮಡಿ ಪುಲಕೇಶಿಯ ದಿಗ್ವಿಜಯಗಳನ್ನೂ ಅವನಿಂದ ಹರ್ಷನಿಗಾದ ಪರಾಭವವನ್ನೂ ವರ್ಣಿಸಿ, ಕೊನೆಯಲ್ಲಿ ಕವಿಯು ತನ್ನ ಕೀರ್ತಿಯನ್ನು ಕಾಳಿದಾಸ ಭಾರವಿಗಳ ಕೀರ್ತಿಗೆ ಸರಿದೂಗಿಸಿಕೊಳ್ಳುವುದರೊಂದಿಗೆ ಮುಗಿಯುತ್ತದೆ. ತಮ್ಮ ಕಾಲವನ್ನು ತಾವೇ ಹೇಳದ ಆ ಇಬ್ಬರು ಮಹಾಕವಿಗಳೂ ೬೩೪ಕ್ಕಿಂತ ಈಚಿನವರಾಗಿರಲಾರರೆಂದು ಹೇಳಲು ವಿದ್ವಾಂಸರಿಗೆ ಆಧಾರವಾಗಿರುವುದು ಈ ಕಲ್ಲೇ. ಕಾವ್ಯವನ್ನು ಓದಿದವನಿಗೆ ಅದರ ಮುಂದೆ ನಿಲ್ಲುವುದು ಒಂದು ಭಾಗ್ಯ. ಓದದವನಿಗೆ ಅದು ಗೀರುಬಿದ್ದ ಒಂದು ಗೋಡೆ.

ಹಾಗಾದರೆ ಓದದವರಿಗೆ ಅಲ್ಲಿ ಏನೂ ಇಲ್ಲವೋ? ಇದೆ. ಬಾದಾಮಿಯ ಅಗಸ್ತ್ಯತೀರ್ಥವೆಂಬ ಕೆರೆಯ ಈಶಾನ್ಯದ ಕಡೆಗೆ ಬಂಡೆಯಲ್ಲಿ ಕಪ್ಪೆ ಅರಭಟ್ಟನೆಂಬವನನ್ನು ಹೊಗಳುವ, ಸುಮಾರು ಕ್ರಿ. ಶ. ೭೦೦ರ ಚಿಕ್ಕ ಶಾಸನವೊಂದಿದೆ. ಕನ್ನಡದ ತ್ರಿಪದಿಯು ನಮಗೆ ದೊರೆತಿರುವ ಅತಿ ಪ್ರಾಚೀನ ಸ್ಥಳಗಳಲ್ಲಿ ಅದೂ ಒಂದು. ತ್ರಿಪದಿಯೆಂಬುದು ಪಂಡಿತರ ಸ್ವತ್ತಲ್ಲ. ನಮ್ಮ ಅಜ್ಜಿಯಂದಿರು ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಿದ ಪದಗಳ ಮಟ್ಟು ಅದೇ. ತಾಯಿಯ ಬಾಯಲ್ಲಿ ಬೀಸುವ ಪದಗಳನ್ನು ಕೇಳಿ ಬೆಳೆದ ಗೃಹಿಣಿಯು ಈ ಬಂಡೆಯ ಮುಂದೆ ಯಾವ ಶಾಸ್ತ್ರಿಗೂ ಕಡಮೆಯ ಅಧಿಕಾರಿಯಲ್ಲ. ಈ ಸಂಬಂಧವನ್ನು ಯಾರಾದರೂ ಮೊದಲೇ ತಿಳಿಸಿದ್ದರೆ ಆಕೆಯು ನೆರಳಿನಲ್ಲಿ ಚೀಲ ಕಾಯುತ್ತ ಕುಳಿತಿರುತ್ತಿರಲಿಲ್ಲ.

ಪಟ್ಟದಕಲ್ಲಿನ ವಿಷಯವೂ ಹೀಗೆಯೇ. ಅಲ್ಲಿಯ ದೇವಾಲಯಗಳು ೧೯೮೭ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಅವುಗಳಲ್ಲಿ ದೊಡ್ಡದಾದ ವಿರೂಪಾಕ್ಷಾಲಯವನ್ನು ಕಟ್ಟಿಸಿದವಳು ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ; ಪತಿಯು ಕಂಚಿಯನ್ನು ಜಯಿಸಿದುದರ ಸ್ಮರಣೆಗಾಗಿ ಎಂಟನೆಯ ಶತಮಾನದಲ್ಲಿ ಅದನ್ನು ನಿರ್ಮಿಸಿದಳು. ಆಕೆಯ ಸೋದರಿ ತ್ರೈಲೋಕ್ಯಮಹಾದೇವಿಯದು ಪಕ್ಕದ ಮಲ್ಲಿಕಾರ್ಜುನ ದೇವಾಲಯ. ಕಟ್ಟಿಸಿದ ರಾಣಿಯ ಹೆಸರಿನ ಜೊತೆಗೆ ಕಟ್ಟಿದ ಸೂತ್ರಧಾರಿ ಗುಂಡನ ಹೆಸರನ್ನೂ ಅಲ್ಲಿಯ ಶಾಸನವು ಉಳಿಸಿಕೊಟ್ಟಿದೆ.

ಎರಡನೆಯದು ನೂಲು ಸೂಜಿಗಳಲ್ಲಿ ಆಸಕ್ತಿಯುಳ್ಳವರ ವಿಷಯ. ಬಾದಾಮಿಗೆ ಇಪ್ಪತ್ತೈದು ಕಿಲೋಮೀಟರಿನೊಳಗೇ ಇರುವ ಗುಳೇದಗುಡ್ಡವು ಕುಪ್ಪಸದ ಖಣಗಳಿಗೆ ಹೆಸರಾದ ಊರು. ಅದೇ ಜಿಲ್ಲೆಯ ಇಳಕಲ್ಲಿನ ಸೀರೆಯನ್ನು ಅರಿಯದ ಕನ್ನಡ ಗೃಹಿಣಿಯಿಲ್ಲ. ಆದರೆ ಅದರ ಒಡಲಿನ ಹಾಸುನೂಲಿಗೂ ಸೆರಗಿನ ಹಾಸುನೂಲಿಗೂ ಒಂದರೊಳಗೊಂದು ಕೊಂಡಿ ಹಾಕಿ ಜೋಡಿಸಿ ನೇಯುವ ರೀತಿಯನ್ನು ಮಗ್ಗದ ಬಳಿ ನಿಂತು ನೋಡಿದವರು ಎಷ್ಟು ಮಂದಿ? ಕಸೂತಿ ಬಲ್ಲವರಿಗಂತೂ ಇದು ತವರುಮನೆಯೇ ಸರಿ. ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಿಂದ ಗೋಪುರ, ತೇರು, ಆನೆ, ತುಳಸೀಕಟ್ಟೆಗಳನ್ನು ಬಿಡಿಸಿದ ಇಳಕಲ್ಲಿನ ಸೀರೆಗಳು ಈ ಸೀಮೆಯ ಹಳೆಯ ಸಂಪ್ರದಾಯ. ಯಾತ್ರೆಯ ಒಂದು ಇಡೀ ದಿನವನ್ನು ಇದಕ್ಕೆಂದೇ ಬಿಡತಕ್ಕದ್ದು. ಆ ದಿನ ಶಾಸನಪ್ರಿಯರಾದ ಯಜಮಾನರು ಅವಸರಪಡಿಸದೆ ಮಗ್ಗದ ಪಕ್ಕದಲ್ಲಿ ಕುಳಿತಿದ್ದು, ಬೇಕಾದರೆ ಚೀಲವನ್ನೂ ತಾವೇ ಕಾಯಬಹುದು.

ಮೂರನೆಯದು ನಾಟಕ. ಬಾದಾಮಿಯ ಸಮೀಪದ ಬನಶಂಕರಿಯಲ್ಲಿ ಪುಷ್ಯ ಶುದ್ಧ ಪೂರ್ಣಿಮೆಯ ಸುಮಾರಿಗೆ ನಡೆಯುವ ಜಾತ್ರೆಗೆ ವೃತ್ತಿನಾಟಕದ ಕಂಪನಿಗಳು ಬಂದು ಬಿಡಾರ ಹೂಡುವುದು ಪ್ರಸಿದ್ಧವಾಗಿದೆ. ನಾಟಕದ ಚಪಲವುಳ್ಳ ಕುಟುಂಬವು ಆ ಕಾಲವನ್ನೇ ಆರಿಸಬೇಕು. ಶಾಂತವಾಗಿ ಕಲ್ಲುಗಳನ್ನು ನೋಡಬೇಕೆನ್ನುವ ಕುಟುಂಬವು ಆ ಕಾಲವನ್ನೇ ಬಿಡಬೇಕು, ಏಕೆಂದರೆ ಆಗ ವಸತಿ ವಾಹನಗಳು ದೊರೆಯುವುದು ಕಷ್ಟ. ಒಂದೇ ಊರು, ಒಂದೇ ವಾರ. ಒಬ್ಬರಿಗೆ ಸುದಿನವಾದದ್ದು ಮತ್ತೊಬ್ಬರಿಗೆ ದುರ್ದಿನ. ಅಭಿರುಚಿಯನ್ನು ತಿಳಿಯದೆ ಮುಹೂರ್ತವನ್ನಿಡಲಾಗದೆಂಬುದು ಇದರಿಂದ ಸ್ಪಷ್ಟವಾಗುವುದು.

ಮಕ್ಕಳನ್ನು ಕುರಿತು ಒಂದು ಮಾತು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹುಡುಗರ ನಡುವೆ ಇದ್ದವನಾದುದರಿಂದ ಹೇಳುತ್ತೇನೆ: ಮಕ್ಕಳಿಗೆ ಉಪನ್ಯಾಸ ಬೇಡ, ಕೆಲಸ ಬೇಕು. ಚಿತ್ರ ಬರೆಯುವವನಿಗೆ ಒಂದು ಪುಸ್ತಕವನ್ನೂ ಸೀಸದ ಕಡ್ಡಿಯನ್ನೂ ಕೊಟ್ಟು ದಿನಕ್ಕೆ ಒಂದೇ ಒಂದು ಶಿಲ್ಪವನ್ನು ಬರೆಯಹೇಳಿರಿ. ಕಿರಿಯಳಿಗೆ ಹಳಗನ್ನಡ ಲಿಪಿಯ ಐದಾರು ಅಕ್ಷರಗಳನ್ನು ಮನೆಯಲ್ಲಿಯೇ ಗುರುತುಮಾಡಿಸಿ, ಬಂಡೆಯಲ್ಲಿ ಅವು ಎಷ್ಟು ಕಡೆ ಬಂದಿವೆಯೆಂದು ಎಣಿಸಹೇಳಿರಿ. ಒಂದು ಮುಖ್ಯವಾದ ಕಟ್ಟಳೆ: ಅಕ್ಷರ ಕಾಣಲೆಂದು ಶಾಸನಕ್ಕೆ ಸೀಮೆಸುಣ್ಣ ಬಳಿಯುವುದು, ಎಣ್ಣೆ ಹಚ್ಚುವುದು, ಬೆರಳಿನಿಂದ ಉಜ್ಜುವುದು—ಇವು ಮೂರೂ ಕೂಡವು. ಸಾವಿರದ ನಾನೂರು ವರ್ಷ ಉಳಿದ ಅಕ್ಷರವು ನಮ್ಮ ಒಂದು ರಜೆಯಲ್ಲಿ ಸವೆಯಬಾರದು.

ಇನ್ನು ಏರ್ಪಾಡಿನ ಕೆಲವು ಸೂಚನೆಗಳು. ಬೇಸಗೆಯಲ್ಲಿ ಈ ಕೆಂಪು ಮರಳುಗಲ್ಲಿನ ಬೆಟ್ಟಗಳು ಕಾದ ಹೆಂಚಿನಂತಾಗುವುದರಿಂದ, ಕಾರ್ತಿಕದಿಂದ ಮಾಘದವರೆಗಿನ ಕಾಲವೇ ಉತ್ತಮ. ಶಾಸನವನ್ನು ಬೆಳಕು ನೇರವಾಗಿ ಬಿದ್ದಾಗ ನೋಡಿದರೆ ಅಕ್ಷರಗಳು ಚಪ್ಪಟೆಯಾಗಿ ತೋರುವುವು. ಕಿರಣವು ಓರೆಯಾಗಿ ಬಿದ್ದಾಗ ಅಕ್ಷರದ ಗೀರಿನಲ್ಲಿ ನೆರಳು ನಿಂತು ಓದಲು ಅನುಕೂಲವಾಗುವುದು. ಮೇಗುಟಿಯ ಶಾಸನವು ಪೂರ್ವದ ಗೋಡೆಯಲ್ಲಿರುವುದರಿಂದ, ಸೂರ್ಯನು ಚೆನ್ನಾಗಿ ಮೇಲೇರಿದ ಮೇಲೆ, ಮಧ್ಯಾಹ್ನ ತಿರುಗುವುದಕ್ಕೆ ಮುಂಚೆ ಅಲ್ಲಿರತಕ್ಕದ್ದು. ಪುರಾತತ್ತ್ವ ಇಲಾಖೆಯ ಸ್ಥಳಸಂಗ್ರಹಾಲಯಗಳು ಸಾಮಾನ್ಯವಾಗಿ ಶುಕ್ರವಾರ ಮುಚ್ಚಿರುವುವೆಂಬುದನ್ನು ನೆನಪಿಟ್ಟು ದಿನಗಳನ್ನು ಹಂಚಿಕೊಳ್ಳಬೇಕು. ಬೆಳಗ್ಗೆ ಒಂದು, ಸಂಜೆ ಒಂದು. ಅದಕ್ಕಿಂತ ಹೆಚ್ಚನ್ನು ಯಾವ ದಿನಕ್ಕೂ ಸೇರಿಸಬಾರದು. ಮಧ್ಯಾಹ್ನದ ಹೊತ್ತು ವಿಶ್ರಾಂತಿಗೆ ಮೀಸಲು.

ಬಾದಾಮಿಯನ್ನು ಹೇಳಿದುದು ನಿದರ್ಶನಕ್ಕಾಗಿ ಮಾತ್ರ. ಹಕ್ಕಿಗಳಲ್ಲಿ ಪ್ರೀತಿಯುಳ್ಳವರು ಶ್ರೀರಂಗಪಟ್ಟಣದ ಸಮೀಪದ ರಂಗನತಿಟ್ಟನ್ನು ನಡುವೆ ಇರಿಸಿಕೊಂಡು ಹೀಗೆಯೇ ಏರ್ಪಾಡು ಮಾಡಬಹುದು. ಸ್ಥಳ ಯಾವುದಾದರೂ ಕ್ರಮ ಒಂದೇ. ಮುಂದಿನ ರಜೆಗೆ ಒಂದು ತಿಂಗಳಿರುವಾಗ, ರಾತ್ರಿ ಊಟವಾದ ಮೇಲೆ ಮನೆಯವರೆಲ್ಲ ಕೂಡಿ ಕುಳಿತು, ತನಗೆ ನೋಡಬೇಕೆನಿಸಿದ ಒಂದೊಂದು ಸಂಗತಿಯನ್ನು ಒಬ್ಬೊಬ್ಬರೂ ಚೀಟಿಯಲ್ಲಿ ಬರೆಯಲಿ. ಅಜ್ಜಿಗೆ ಬರೆಯಲು ಕಣ್ಣು ಸಾಲದಿದ್ದರೆ ಮೊಮ್ಮಗಳು ಬರೆದುಕೊಡಲಿ. ಎಲ್ಲ ಚೀಟಿಗಳನ್ನೂ ಓದಿದ ಮೇಲೆಯೇ ಊರಿನ ಹೆಸರೆತ್ತತಕ್ಕದ್ದು. ಯಜಮಾನರ ಚೀಟಿಯನ್ನು ಕಟ್ಟಕಡೆಯಲ್ಲಿ ಓದಿದರೆ ಇನ್ನೂ ಒಳ್ಳೆಯದು.