ಮನೆಯ ಬ್ಯಾಟರಿಗೆ ತಗಡಿನ ಫ್ಯೂಸು ಪೆಟ್ಟಿಗೆ



ಹೋದ ಬೆಳೆಯಲ್ಲಿ ಸಮೇತನಹಳ್ಳಿಯ ಒಬ್ಬ ರೇಷ್ಮೆ ಬೆಳೆಗಾರರ ಹುಳು ಮನೆ ನೋಡಲು ಹೋಗಿದ್ದೆ. ಹುಳುಗಳು ನಾಲ್ಕನೆಯ ಜ್ವರ ಎದ್ದು ಚೆನ್ನಾಗಿ ಮೇಯುತ್ತಿದ್ದವು. ಹುಳುವಿನಲ್ಲಿ ಏನೂ ಕೊರತೆಯಿಲ್ಲ. ನನ್ನ ಕಣ್ಣು ಹೋದದ್ದು ಮೂಲೆಗೆ. ರಾತ್ರಿ ಕರೆಂಟು ಹೋದರೆ ದೀಪಕ್ಕೆ ಇರಲಿ ಎಂದು ಇನ್‌ವರ್ಟರು, ಬ್ಯಾಟರಿ ಇಟ್ಟಿದ್ದರು. ಬ್ಯಾಟರಿಯ ತಂತಿಗೆ ಫ್ಯೂಸೂ ಹಾಕಿದ್ದರು, ಸಂತೋಷ. ಆದರೆ ಅದನ್ನು ಹಲಗೆಯ ಪೆಟ್ಟಿಗೆಯಲ್ಲಿ ಮುಚ್ಚಿದ್ದರು. ಮುಚ್ಚಳ ತೆಗೆದರೆ ಒಳಮೈ ಕಪ್ಪಗೆ ಸೀದಿದೆ! ಒಂದು ಮಾರು ದೂರದಲ್ಲಿ ಬಿದಿರಿನ ಚಂದ್ರಿಕೆಗಳನ್ನು ಒರಗಿಸಿದ್ದಾರೆ.

“ಹನ್ನೆರಡು ವೋಲ್ಟು ತಾನೇ ಸ್ವಾಮಿ, ಮುಟ್ಟಿದ್ರೂ ಹೊಡೆಯಾಕಿಲ್ಲ” ಅಂದರು ಯಜಮಾನರು.

ಹೊಡೆಯುವುದಿಲ್ಲ, ನಿಜ. ಆದರೆ ಸುಡುತ್ತದೆ. ಹೇಗೆ ಅಂತೀರಾ? 700 ವಾಟ್ ಹೊರೆಗೆ ಕಂಬದ 230 ವೋಲ್ಟಿನ ಕರೆಂಟು 3 ಆಂಪಿಯರ್ ಹರಿದರೆ ಸಾಕು. ಅದೇ ಹೊರೆಗೆ 12 ವೋಲ್ಟಿನ ಬ್ಯಾಟರಿಯಿಂದ 60 ಆಂಪಿಯರಿಗೂ ಮೇಲೆ ಹರಿಯಬೇಕು. ಇನ್ನು ಪ್ಲಸ್, ಮೈನಸ್ ತಂತಿಗಳೇ ಒಂದಕ್ಕೊಂದು ತಗುಲಿದರೆ ಸಾವಿರ ಆಂಪಿಯರನ್ನೂ ಮೀರಬಹುದು. ತಂತಿ ಕುಲುಮೆಯ ಕಬ್ಬಿಣದಂತೆ ಕೆಂಪಾಗುತ್ತದೆ. ಮೀಟರ್ ಬೋರ್ಡಿನ ಫ್ಯೂಸು ಕಿತ್ತರೂ ಇದು ನಿಲ್ಲದು, ಯಾಕೆಂದರೆ ಕರೆಂಟಿನ ಮೂಲ ನಿಮ್ಮ ಮನೆಯೊಳಗೇ ಇದೆ.

ತಂತಿ ತಗುಲಿದರೆ ಫ್ಯೂಸು ಸುಟ್ಟು ಮನೆ ಉಳಿಸುತ್ತದೆ. ಆದರೆ ಆ ಪೆಟ್ಟಿಗೆಯಲ್ಲಿ ಫ್ಯೂಸು ಸುಟ್ಟಿರಲಿಲ್ಲ. ಸ್ಕ್ರೂ ಸಡಿಲವಾಗಿತ್ತು, ಅಷ್ಟೆ. ಸಡಿಲ ಕೂಡಿಕೆಯಲ್ಲಿ ಮಾಮೂಲಿ 60 ಆಂಪಿಯರ್ ಹರಿದರೂ ಅಲ್ಲಿ ಕಾವು ಏರುತ್ತಾ ಹೋಗುತ್ತದೆ. ಕರೆಂಟು ಹೆಚ್ಚಾಗಿಲ್ಲವಲ್ಲ, ಫ್ಯೂಸಿಗೆ ಗೊತ್ತೇ ಆಗುವುದಿಲ್ಲ. ಅದಕ್ಕೇ ಪೆಟ್ಟಿಗೆ ಉರಿಯದಂಥದ್ದಾಗಿರಬೇಕು ಎನ್ನುವುದು. ಹಲಗೆ, ರಟ್ಟು, ಅಡಿಗೆಮನೆಯ ಪ್ಲಾಸ್ಟಿಕ್ ಡಬ್ಬಿ ಯಾವುದೂ ಬೇಡ. ತಗಡಿನ ಪೆಟ್ಟಿಗೆ ತಂದು ಇಟ್ಟಿಗೆ ಗೋಡೆಗೆ ಬಿಗಿಯಿರಿ. ತಂತಿ ನುಗ್ಗುವ ತೂತಿಗೆ ರಬ್ಬರ್ ಬುಷ್ ಹಾಕಿಸಿ, ಇಲ್ಲದಿದ್ದರೆ ತಗಡಿನ ಅಂಚೇ ತಂತಿಯ ಹೊದಿಕೆ ಕೊಯ್ದೀತು.

ಹಾಗಂತ ಬ್ಯಾಟರಿಯನ್ನೂ ಅದೇ ಪೆಟ್ಟಿಗೆಯಲ್ಲಿಟ್ಟು ಮುಚ್ಚಬೇಡಿ. ನೀರು ಹಾಕುವ ಬ್ಯಾಟರಿ ಚಾರ್ಜಾಗುವಾಗ ಹೈಡ್ರೋಜನ್ ಅನಿಲ ಬಿಡುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ 4 ಪಾಲು ಸೇರಿದರೆ ಒಂದು ಕಿಡಿ ಸಾಕು. ಆ ಅನಿಲ ಮೇಲಕ್ಕೇರುವುದರಿಂದ ಫ್ಯೂಸು ಪೆಟ್ಟಿಗೆ ಬ್ಯಾಟರಿಯ ನೆತ್ತಿಯ ಮೇಲೆ ಬೇಡ, ಪಕ್ಕಕ್ಕಿರಲಿ. ಬಹಳ ದೂರವೂ ಬೇಡ. ಬ್ಯಾಟರಿಯಿಂದ ಫ್ಯೂಸಿನವರೆಗಿನ ತಂತಿಗೆ ಕಾವಲಿರುವುದಿಲ್ಲ.

ಎಂ.ಸಿ.ಬಿ. ಹಾಕಿಸುವವರು ಅದರ ಮೇಲೆ ‘ಡಿ.ಸಿ.’ ಎಂದು ಬರೆದಿದೆಯೇ ನೋಡಿ ಕೊಳ್ಳಿ. ಕಂಬದ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗಿಳಿಯುತ್ತದೆ, ಕಿಡಿ ಆಗಲೇ ಆರುತ್ತದೆ. ಬ್ಯಾಟರಿಯದು ಒಂದೇ ಸಮನಾದ ಹರಿವು. 48 ವೋಲ್ಟಿನ ಸೋಲಾರ್ ಬ್ಯಾಟರಿಯಲ್ಲಂತೂ ಕಿಡಿ ಜಗ್ಗದೆ ಉರಿದೀತು.

ಮೂರು ತಿಂಗಳಿಗೊಮ್ಮೆ ವೈರ್‌ಮನ್ ಕರೆಸಿ ಸ್ಕ್ರೂಗಳನ್ನು ಬಿಗಿ ಮಾಡಿಸಿ. ಫ್ಯೂಸು ಸುಟ್ಟರೆ ತಂತಿ ಎಳೆ ಸುತ್ತಿ ಸಾಗಹಾಕುವವರು ನಮ್ಮಲ್ಲಿ ಬಹಳ ಮಂದಿ. ಅಳತೆಯ ಫ್ಯೂಸನ್ನೇ ಹಾಕಿ.

ಆ ಯಜಮಾನರು ಹುಳು ಹಣ್ಣಾಗುವ ಮೊದಲೇ ಬ್ಯಾಟರಿಯನ್ನು ಹೊರಗಿನ ಜಗಲಿಗೆ, ಮಳೆ ಬೀಳದ ಕಡೆಗೆ ಸಾಗಿಸಿದರು. ತಗಡಿನ ಪೆಟ್ಟಿಗೆಯನ್ನು ಹೊಸಕೋಟೆಯಿಂದ ತಂದರು.