ಗೊಂಬೆ ಸೀಮೆಯಲ್ಲಿ ಕತ್ತಿಯ ಹದ

ಚನ್ನಪಟ್ಟಣ ಅಂದ್ರೆ ಬರೀ ಗೊಂಬೆ ಅಂದ್ಕೊಂಡ್ರಾ?

1800ರಲ್ಲಿ ಇಲ್ಲಿಗೆ ಬಂದಿದ್ದ ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್,
ಇಲ್ಲಿನ ಉಕ್ಕಿನ ತಂತಿ ಬಗ್ಗೆ ಬರೆದಿದ್ದಾರೆ.
ಆಗ ಅದು ತಂತಿವಾದ್ಯಗಳಿಗೆ ಹೆಸರುವಾಸಿ!

ಈ ಸೀಮೆಯ ಉಕ್ಕಿನ ಕೆಲಸ ಈಗ ನೋಡಬೇಕಾ?
ಕನಕಪುರ, ಮಾಗಡಿ ಕಡೆ ಸಂತೆಗೆ ಬನ್ನಿ.
ಗೋಣಿತಾಟಿನ ಮೇಲೆ ಮಚ್ಚು, ಕುಡುಗೋಲು, ಈಳಿಗೆಮಣೆ.
ರಾಗಿ ಕೊಯ್ಯೋಕೆ,
ಹಿಪ್ಪುನೇರಳೆ ಕಡ್ಡಿ ಕತ್ತರಿಸೋಕೆ,
ಎಳನೀರು ಕೆತ್ತೋಕೆ.

ಉಕ್ಕು ಎಲ್ಲಿಂದ ಬರುತ್ತೆ?
ಎಷ್ಟೋ ಸಲ, ಗುಜರಿಗೆ ಬಿದ್ದ ಲಾರಿಯ ಕಮಾನ್ ಪಟ್ಟಿಯಿಂದ!

ಕುಲುಮೆಯಲ್ಲಿ ಪಟ್ಟಿ ಕೆಂಪಾಗುತ್ತೆ.
ಸುತ್ತಿಗೆ ಬೀಳುತ್ತೆ.
ಆಕಾರ ಬರುತ್ತೆ.
ಮತ್ತೆ ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದ್ರೆ... ಚುಂಯ್!
ಉಕ್ಕು ಗಟ್ಟಿ.
ಆದ್ರೆ ಏಟು ಬಿದ್ರೆ ಚಟ್ ಅಂತ ಮುರಿಯುತ್ತೆ.

ಅದಕ್ಕೇ ಇನ್ನೊಂದು ಸಲ, ಸಣ್ಣಗೆ ಕಾಯಿಸ್ತಾರೆ.
ಇಲ್ಲಿ ಕಣ್ಣೇ ಥರ್ಮಾಮೀಟರು.
ಕತ್ತಿಯ ಬಾಯಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿತಾ?
ಸಾಕು, ತೆಗಿ!

ಥೇಟ್ ಬೆಲ್ಲದ ಪಾಕ.
ಒಂದು ಕ್ಷಣ ಮುಂಚೆಯೂ ಅಲ್ಲ, ಆಮೇಲೂ ಅಲ್ಲ.
ಕಾವು ಕಮ್ಮಿಯಾದ್ರೆ ಬಾಯಿ ಮುಕ್ಕಾಗುತ್ತೆ.
ಜಾಸ್ತಿಯಾದ್ರೆ ಮಡಚಿಕೊಳ್ಳುತ್ತೆ.
ಇದಕ್ಕೇ ಹೇಳೋದು, ಹದ.

ಮುಂದಿನ ಸಂತೆಯಲ್ಲಿ ಚೌಕಾಸಿಗೆ ಇಳಿಯೋ ಮುಂಚೆ
ಒಂದು ಮಾತು ಕೇಳಿ:
"ಅಣ್ಣಾ, ಹದ ಹೆಂಗೆ ಹಾಕಿದ್ರಿ?"
ಆ ಉತ್ತರ ಕೇಳಿದ್ಮೇಲೆ ಬೆಲೆ ಕಟ್ಟಿ.